ಹಂಸಾಬೆನ್ ಕಂಡ ಚುಕ್ಕೆಗಳು

ಮೂವತ್ತೆರಡು ವರ್ಷ ಬೇರೆಯವರ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ನೋಡುವ ಕೆಲಸ ಮಾಡಿ ಈಗ ಮನೆಯಲ್ಲಿ ಕೂತಿದ್ದೇನೆ. ಯಾವಾಗ ಸೀನಿಯರ್ ಆದೆ, ಯಾವಾಗ ಕೈಯಿರುವ ಕುರ್ಚಿ ಸಿಕ್ಕಿತು ಎಂಬುದನ್ನೆಲ್ಲ ಬರೆಯುವುದಿಲ್ಲ. ಅದನ್ನು ಓದಿ ಯಾರಿಗೂ ಮೂರು ಕಾಸಿನ ಪ್ರಯೋಜನವಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವವರು ನನ್ನನ್ನು ಕೇಳುವುದು ಒಂದೇ: ‘ಸರ್, ಯಾವ ಕೋರ್ಸ್ ಮಾಡಬೇಕು?’ ಮಾಡಿರಪ್ಪ, ಬೇಡ ಅನ್ನುವುದಿಲ್ಲ. ಆದರೆ ನನಗೆ ಕೆಲಸ ಕಲಿಸಿದ್ದು ಕೋರ್ಸಲ್ಲ, ನಾನೇ ಮಾಡಿದ ಎಡವಟ್ಟುಗಳು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಇಲ್ಲಿ ಬರೆಯುತ್ತಿದ್ದೇನೆ. ತಲೆ ತಗ್ಗಿಸಿಕೊಂಡು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಆ ಎಡವಟ್ಟಿನ ಕೊನೆಗೆ ನಾವು ಗೆದ್ದೆವು, ಹಾಗಾಗಿ ಎದೆಯುಬ್ಬಿಸಿಯೇ ಬರೆಯುತ್ತೇನೆ.

ನಮ್ಮೂರು ಗದಗಿನ ಹತ್ತಿರ. ರೈಲ್ವೆಯಲ್ಲಿದ್ದ ಭಾವನಿಗೆ ಅಹಮದಾಬಾದಿಗೆ ವರ್ಗವಾದಾಗ ಅಕ್ಕನ ಸಾಮಾನು ಇಳಿಸಿಕೊಡಲು ಹೋದವನು ಅಲ್ಲೇ ಉಳಿದುಬಿಟ್ಟೆ. ಕಂಪ್ಯೂಟರ್ ಮಾರಿ ರಿಪೇರಿಯನ್ನೂ ಮಾಡಿಕೊಡುವ ಒಂದು ಸಣ್ಣ ಕಂಪನಿಯಲ್ಲಿ ಸರ್ವಿಸ್ ಇಂಜಿನಿಯರ್ ಆದೆ. ಹಿರೇಮಠ ಎಂಬ ಹೆಸರು ಗುಜರಾತಿಗಳ ಬಾಯಲ್ಲಿ ನಿಲ್ಲದೆ ‘ಹೀರಾಭಾಯ್’ ಆಯಿತು. ಅಲ್ಲಿ ಗಂಡಸರೆಲ್ಲ ಭಾಯ್, ಹೆಂಗಸರೆಲ್ಲ ಬೆನ್. ಅಹಮದಾಬಾದ್, ವಡೋದರಾ, ಸೂರತ್, ಈ ಮೂರು ಊರುಗಳ ರೈಲಿನಲ್ಲಿ ನಾನು ಎಷ್ಟು ಓಡಾಡಿದೆನೆಂದರೆ ಯಾವ ಸ್ಟೇಷನ್ನಿನಲ್ಲಿ ಯಾರ ಚಹಾ ಕುಡಿಯಬಾರದು ಎಂದು ಕಣ್ಣು ಮುಚ್ಚಿ ಹೇಳಬಲ್ಲೆ.

ಮೊದಲ ಪಾಠ ಅಹಮದಾಬಾದಿನ ವಟ್ವಾದಲ್ಲಿ ಆಯಿತು. ಬಣ್ಣ ತಯಾರಿಸುವ ಒಂದು ಕಾರ್ಖಾನೆಯ ಕಂಪ್ಯೂಟರ್ ಗಂಟೆಗೊಮ್ಮೆ ತಾನಾಗಿ ನಿಂತುಹೋಗುತ್ತಿತ್ತು. ನಾನು ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ, ತೆಗೆದು ಮತ್ತೆ ಹಾಕಿದೆ, ಎರಡು ದಿನ ಅದನ್ನೇ ಮಾಡಿದೆ. ಮೂರನೆಯ ದಿನ ಡಬ್ಬ ಬಿಚ್ಚಿ ನೋಡಿದರೆ ಒಳಗಿನ ಫ್ಯಾನು ನೀಲಿ ಪುಡಿಯಲ್ಲಿ ಹೂತುಹೋಗಿತ್ತು. ಹೊಸ ಬಿಳಿ ಕರವಸ್ತ್ರದಿಂದ ಒರೆಸಿದೆ, ಕಂಪ್ಯೂಟರ್ ಸರಿಹೋಯಿತು, ಕರವಸ್ತ್ರ ಹೋಯಿತು. ಯಂತ್ರಕ್ಕೂ ಸೆಖೆಯಾಗುತ್ತದೆ ಎಂದು ಅವತ್ತು ಗೊತ್ತಾಯಿತು. ಗೊತ್ತಾದದ್ದನ್ನು ಎರಡೇ ವರ್ಷಗಳಲ್ಲಿ ಮರೆತೆ.

ಮರೆಸಿದ್ದು ವೇಗದ ಹುಚ್ಚು. ಹೊಸ ಶತಮಾನದ ಮೊದಲ ಮೂರ್ನಾಲ್ಕು ವರ್ಷಗಳ ಮಾತು ಇದು. ಕಂಪ್ಯೂಟರಿನೊಳಗೆ ಗ್ರಾಫಿಕ್ಸ್ ಕಾರ್ಡ್ ಎಂಬ ಹಲಗೆಯೊಂದಿರುತ್ತದೆ. ಪರದೆಯ ಮೇಲೆ ಚಿತ್ರ ಮೂಡಿಸುವುದು ಅದರ ಕೆಲಸ. ಅದು ಇಷ್ಟೇ ವೇಗದಲ್ಲಿ ಓಡಬೇಕು ಎಂದು ತಯಾರಿಸಿದವರು ನಿಗದಿ ಮಾಡಿರುತ್ತಾರೆ. ಒಂದು ಪುಟ್ಟ ಸಾಫ್ಟ್‌ವೇರಿನಿಂದ ಆ ವೇಗವನ್ನು ಹೆಚ್ಚಿಸಬಹುದು. ಇದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ, ನಾವು ಆಫೀಸಿನಲ್ಲಿ ‘ಟ್ಯೂನಿಂಗ್’ ಎನ್ನುತ್ತಿದ್ದೆವು. ವಡೋದರಾದ ಮಕರಪುರದಲ್ಲಿ ಒಂದು ಇಂಜಿನಿಯರಿಂಗ್ ಕಾರ್ಖಾನೆಯಲ್ಲಿ ಯಂತ್ರದ ಭಾಗಗಳ ಚಿತ್ರ ತಿರುಗಿಸುವಾಗ ಪರದೆ ಏದುಸಿರು ಬಿಡುತ್ತಿತ್ತು. ನಾನು ಹೋಗಿ ಟ್ಯೂನ್ ಮಾಡಿದೆ. ಅಲ್ಲಿನ ಇಂಜಿನಿಯರ್ ಚಿತ್ರವನ್ನು ಗಿರಗಿರನೆ ತಿರುಗಿಸಿ, ಹೊಸ ಕಾರ್ಡು ಹಾಕಿದಿರೇನು ಎಂದು ಕೇಳಿದರು. ಇಲ್ಲ ಸಾಹೇಬ್ರೆ, ಹಳೆಯದಕ್ಕೇ ಸ್ವಲ್ಪ ಕಿವಿ ಹಿಂಡಿದೆ ಎಂದೆ. ಅವರು ನಮ್ಮ ಮ್ಯಾನೇಜರ್ ಜಯಂತಿಭಾಯಿಗೆ ಫೋನ್ ಮಾಡಿ ಹೊಗಳಿದರು.

ಜಯಂತಿಭಾಯ್ ಒಳ್ಳೆಯ ಮನುಷ್ಯ, ಆದರೆ ಪುಕ್ಕಟೆ ಸಿಕ್ಕಿದ ಹೊಗಳಿಕೆಯನ್ನು ಬಿಡುವವರಲ್ಲ. ಮರುದಿನದಿಂದಲೇ ಹಳೆಯ ಗಿರಾಕಿಗಳಿಗೆಲ್ಲ ಟ್ಯೂನಿಂಗ್ ಉಡುಗೊರೆ ಎಂದು ಸಾರಿಬಿಟ್ಟರು. ನಾನು ಊರೂರಿಗೆ ಹೋಗಿ ಕಾರ್ಡುಗಳ ಕಿವಿ ಹಿಂಡತೊಡಗಿದೆ. ಸಾಫ್ಟ್‌ವೇರಿನಿಂದ ಹೆಚ್ಚಿಸಿದ ವೇಗ ಕೆಲವು ಸಲ ಕಂಪ್ಯೂಟರ್ ಮತ್ತೆ ಶುರುವಾದಾಗ ಹೋಗಿಬಿಡುತ್ತಿತ್ತು. ಅದಕ್ಕೆ ನಾನು ಇನ್ನೊಂದು ವಿದ್ಯೆ ಕಲಿತೆ. ಕಾರ್ಡಿನ ಮೇಲೇ ಒಂದು ಚಿಪ್ ಇರುತ್ತದೆ, ಕಾರ್ಡಿನ ಮೂಲ ವೇಗ ಬರೆದಿರುವುದು ಅದರಲ್ಲಿ. ಫ್ಲಾಪಿಯಿಂದ ಆ ಬರಹವನ್ನೇ ಅಳಿಸಿ ಹೊಸ ವೇಗ ಬರೆಯುವುದು. ಆಮೇಲೆ ಯಾರು ಏನೇ ಮಾಡಲಿ ವೇಗ ಇಳಿಯುವುದಿಲ್ಲ. ನನ್ನಂಥ ಬುದ್ಧಿವಂತ ಇನ್ನೊಬ್ಬನಿಲ್ಲ ಎಂದುಕೊಂಡಿದ್ದೆ.

ಸೂರತ್ತಿನಲ್ಲಿ ಸೀರೆಗಳ ಪ್ರಿಂಟಿಗೆ ಡಿಸೈನ್ ಮಾಡಿಕೊಡುವ ಸ್ಟುಡಿಯೋ ಒಂದಿತ್ತು. ಯಜಮಾನರು ರಮಣಿಕ್ ಶೇಠ್. ಆರು ಕಂಪ್ಯೂಟರ್, ಆರೂ ನಾವೇ ಕೊಟ್ಟದ್ದು, ಆರರಲ್ಲೂ ಒಂದೇ ಬಗೆಯ ಕಾರ್ಡು. ಒಂದು ಸೀರೆಯ ಡಿಸೈನಿನಲ್ಲಿ ಎಂಟು ಬಣ್ಣವಿದ್ದರೆ ಎಂಟನ್ನೂ ಬೇರೆ ಬೇರೆ ಬಿಡಿಸಿ, ಒಂದೊಂದಕ್ಕೆ ಒಂದೊಂದು ಫಿಲ್ಮ್ ತೆಗೆಯುವುದು ಅಲ್ಲಿನ ಕೆಲಸ. ಆ ಫಿಲ್ಮಿನಿಂದ ಪ್ರಿಂಟಿಂಗ್ ಅಚ್ಚು ತಯಾರಾಗುತ್ತದೆ. ಫಿಲ್ಮಿನಲ್ಲಿ ಸಾಸಿವೆಯಷ್ಟು ಚುಕ್ಕೆ ಉಳಿದರೂ ಸೀರೆ ಸೀರೆಗೂ, ಗೇಣು ಗೇಣಿಗೂ ಆ ಚುಕ್ಕೆ ಬೀಳುತ್ತದೆ. ಕಂಪ್ಯೂಟರಿಗೆ ಸ್ಕ್ಯಾನ್ ಮಾಡಿದ ಚಿತ್ರದಲ್ಲಿ ಇಂಥ ಚುಕ್ಕೆಗಳು ಬಂದೇ ಬರುತ್ತವೆ. ಅವನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿ ಅಳಿಸಬೇಕು.

ಈ ಕೆಲಸದಲ್ಲಿ ಆ ಸ್ಟುಡಿಯೋದ ಮೊದಲ ಕೈ ಹಂಸಾಬೆನ್. ಕಂಪ್ಯೂಟರ್ ಬರುವ ಮುಂಚೆ ಇಪ್ಪತ್ತು ವರ್ಷ ಪಾರದರ್ಶಕ ಹಾಳೆಯ ಮೇಲೆ ಕುಂಚದಿಂದ ಬಣ್ಣ ಬಿಡಿಸಿದವರು. ಗಂಡ ತೀರಿಕೊಂಡು ವರ್ಷಗಳಾಗಿದ್ದವು, ಅತ್ತೆಯನ್ನು ಸಾಕಿಕೊಂಡು ಇದೇ ಕೆಲಸದಲ್ಲಿ ಬದುಕಿದವರು. ಮಾತು ಕಡಿಮೆ. ಮೌಸ್ ಹಿಡಿಯಲು ಕಲಿತಾಗ ಅವರಿಗೆ ನಲವತ್ತು ದಾಟಿತ್ತಂತೆ.

ಜನವರಿಯಲ್ಲಿ, ನಮ್ಮ ಸಂಕ್ರಾಂತಿಗೆ ಅವರು ಹೇಳುವ ಉತ್ತರಾಯಣದ ಹಿಂದಿನ ದಿನ, ನಾನು ಅಲ್ಲಿಗೆ ಟ್ಯೂನಿಂಗಿಗೆ ಹೋದೆ. ಇಡೀ ಊರು ಗಾಳಿಪಟದ ಮಾಂಜಾ ದಾರ ಕೊಳ್ಳಲು ಓಡುತ್ತಿತ್ತು. ನನಗೂ ಮನೆಗೆ ಹೋಗುವ ಅವಸರ. ಒಂದೇ ಕಂಪ್ಯೂಟರಿಗೆ ಸಮಯವಿದೆ ಎಂದೆ. ಎಲ್ಲರಿಗಿಂತ ಹಿರಿಯ ಕೈ ಯಾವುದೋ ಅದಕ್ಕೆ ಮಾಡಿ ಎಂದು ಶೇಠ್ ಹಂಸಾಬೆನ್ನರ ಕಂಪ್ಯೂಟರ್ ತೋರಿಸಿದರು. ಕಾರ್ಡಿನ ಮೆಮೊರಿಯ ವೇಗ ನೂರ ಅರವತ್ತಾರು ಮೆಗಾಹರ್ಟ್ಸ್ ಇತ್ತು. ನಾನು ನೂರ ತೊಂಬತ್ತಕ್ಕೆ ಏರಿಸಿದೆ. ಅರ್ಧ ಗಂಟೆ ಪರೀಕ್ಷೆ ಮಾಡಿದೆ, ಚಳಿಗಾಲದಲ್ಲಿ ಗಟ್ಟಿಯಾಗಿ ನಿಂತಿತು. ಪಕ್ಕದಲ್ಲಿದ್ದ ಶೇಠ್ ಅಂಕಿ ನೋಡಿ ಮುಖ ಹುಳ್ಳಗೆ ಮಾಡಿದರು.

‘ಸೊನ್ನೆಯಲ್ಲಿ ಮುಗಿಯುವ ಅಂಕಿ ಯಾಕೆ ಹೀರಾಭಾಯ್? ಶಕುನಕ್ಕೆ ಒಂದು ಸೇರಿಸಿ.’

ನಮ್ಮ ಕಡೆಯೂ ಮುಯ್ಯಿ ಮಾಡುವಾಗ ನೂರಕ್ಕೆ ಒಂದು ಸೇರಿಸುತ್ತೇವಲ್ಲ, ನನಗೆ ಅದು ವಿಚಿತ್ರ ಅನ್ನಿಸಲಿಲ್ಲ. ನೂರ ತೊಂಬತ್ತೊಂದು ಮಾಡಿ ಚಿಪ್ಪಿಗೆ ಬರೆದೆ. ಮೂಲದ್ದನ್ನು ಒಂದು ಫ್ಲಾಪಿಗೆ ತೆಗೆದಿಟ್ಟೆ. ಆ ಫ್ಲಾಪಿಗೆ ಮರುವಾರವೇ ಬೇರೆ ಏನನ್ನೋ ತುಂಬಿದೆ. ರಿಪೋರ್ಟಿನಲ್ಲಿ ‘ಸರ್ವಿಸ್ ಮಾಡಲಾಗಿದೆ’ ಎಂದಷ್ಟೇ ಬರೆದೆ. ನಿಜ ಹೇಳಬೇಕೆಂದರೆ ಅವರ ಕೆಲಸಕ್ಕೆ ಆ ವೇಗದಿಂದ ಕೂದಲೆಳೆಯಷ್ಟೂ ಲಾಭವಿರಲಿಲ್ಲ. ಪರೀಕ್ಷೆಯ ಅಂಕಿ ನೋಡಿ ಶೇಠ್ ಖುಷಿ, ಶೇಠ್ ಖುಷಿ ನೋಡಿ ನಾನು ಖುಷಿ.

ಮೇ ತಿಂಗಳಲ್ಲಿ ಆ ಸ್ಟುಡಿಯೋದಿಂದ ದೂರು ಬಂತು. ಹಂಸಾಬೆನ್ನರ ಪರದೆಯಲ್ಲಿ ಚುಕ್ಕೆಗಳು ಕಾಣುತ್ತವಂತೆ. ಅಳಿಸಿದರೆ ಹೋಗುವುದಿಲ್ಲವಂತೆ. ಬೇರೆಯವರು ಬಂದು ನೋಡುವಷ್ಟರಲ್ಲಿ ಮಾಯವಾಗುತ್ತವಂತೆ. ನಾನು ಬೆಳಗಿನ ರೈಲಿಗೆ ಹೋದೆ, ಎರಡು ಗಂಟೆ ಪರದೆ ದಿಟ್ಟಿಸಿದೆ. ಒಂದು ಚುಕ್ಕೆಯೂ ಕಾಣಲಿಲ್ಲ. ಮಧ್ಯಾಹ್ನದ ಮೇಲೆ ಬರುತ್ತವೆ ಭಾಯ್ ಎಂದು ಅವರು ಹೇಳಿದರು. ನನಗೆ ಹನ್ನೆರಡೂವರೆಗೆ ವಡೋದರಾದ ಗಾಡಿಯಿತ್ತು. ರಿಪೋರ್ಟಿನಲ್ಲಿ ಬರೆದೆ: ‘ಮಾನಿಟರ್, ಕಾರ್ಡ್ ಎರಡೂ ಸರಿ ಇವೆ. ಬಳಸುವವರು ಕಣ್ಣು ತೋರಿಸಿಕೊಳ್ಳುವುದು ಒಳ್ಳೆಯದು.’ ಬರೆದು ಸಹಿ ಮಾಡಿ ಗಾಡಿ ಹಿಡಿದೆ. ಇವತ್ತಿಗೂ ಆ ಸಾಲು ನೆನಪಾದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಎರಡು ವಾರದ ಮೇಲೆ ಒಂದು ಶನಿವಾರ, ಬೇರೆ ಕಂಪ್ಯೂಟರಿನ ಕೆಲಸಕ್ಕೆ ಅಲ್ಲಿಗೇ ಹೋದೆ. ಹಂಸಾಬೆನ್ ಹೊಸ ಕನ್ನಡಕ ಹಾಕಿಕೊಂಡು ಕೂತಿದ್ದರು. ನನ್ನನ್ನು ನೋಡಿ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರು ಹೇಳಿದ್ದು ಇಷ್ಟು. ತಿಳಿಗುಲಾಬಿ ಸೀರೆಯೊಂದರ ಕಂದು ಬಣ್ಣದ ಫಿಲ್ಮಿನಲ್ಲಿ ಚುಕ್ಕೆಯೊಂದು ಉಳಿದುಹೋಗಿತ್ತು. ಆ ಲಾಟಿನ ಅಷ್ಟೂ ಸೀರೆಗಳ ಮೇಲೆ ಅದು ಪ್ರಿಂಟ್ ಆಗಿ ಮಾಲು ವಾಪಸು ಬಂತು. ಫಿಲ್ಮ್ ಮಾಡಿದವರು ಹಂಸಾಬೆನ್. ಶೇಠ್ ನನ್ನ ರಿಪೋರ್ಟನ್ನು ತೆಗೆದು ಓದಿ, ಇಂಜಿನಿಯರೇ ಬರೆದಿದ್ದಾರಲ್ಲ, ನಿಮ್ಮ ಕಣ್ಣು ಹೋಗಿದೆ ಬೆನ್ ಎಂದರಂತೆ. ಸೋಮವಾರದಿಂದ ಅವರು ಡಿಸೈನ್ ಕೋಣೆಗೆ ಬರುವ ಹಾಗಿಲ್ಲ, ಕೆಳಗಡೆ ಸೀರೆ ಮಡಿಸುವ ವಿಭಾಗಕ್ಕೆ ಹೋಗಬೇಕು.

‘ಡಾಕ್ಟರು ಕಣ್ಣು ಸರಿ ಇದೆ ಅಂದರು’ ಎಂದರು ಹಂಸಾಬೆನ್. ‘ನಾನೇ ಹಟ ಮಾಡಿ ಕನ್ನಡಕ ಬರೆಸಿಕೊಂಡೆ. ಇಷ್ಟು ಜನ ಹೇಳುವಾಗ ನನಗೂ ನನ್ನ ಕಣ್ಣಿನ ಮೇಲೆ ನಂಬಿಕೆ ಹೋಯಿತು.’

ಆಮೇಲೆ ಮೇಜಿನ ಖಾನೆಯಿಂದ ಒಂದು ಪಾರದರ್ಶಕ ಹಾಳೆ ತೆಗೆದರು. ಹಳೆಯ ಕಾಲದ ಅಭ್ಯಾಸ ನೋಡಿ. ಮಾನಿಟರಿನ ಗಾಜಿನ ಮೇಲೆ ಆ ಹಾಳೆಯನ್ನು ಅಂಟಿಸಿ, ಚುಕ್ಕೆ ಕಂಡಾಗಲೆಲ್ಲ ಅದರ ಮೇಲೇ ಕೆಂಪು ಶಾಯಿಯಲ್ಲಿ ಗುರುತು ಮಾಡಿದ್ದರು. ಮೂಲೆಯಲ್ಲಿ ಗಂಟೆ ಬರೆದಿದ್ದರು. ಎರಡೂವರೆ, ಮೂರು, ಮೂರೂಕಾಲು. ಬೆಳಗಿನದು ಒಂದೂ ಇಲ್ಲ. ನಾನು ಹಾಳೆಯನ್ನು ಕಿಟಕಿಗೆ ಹಿಡಿದು ನೋಡಿದೆ. ಚುಕ್ಕೆಗಳು ಎಲ್ಲೆಂದರಲ್ಲಿ ಚೆಲ್ಲಿರಲಿಲ್ಲ. ಸಾಲಾಗಿ, ಸಮ ಅಂತರದಲ್ಲಿ, ಮೇಲಿಂದ ಕೆಳಕ್ಕೆ ಇಳಿದಿದ್ದವು.

‘ಇದರಲ್ಲಿ ರಿಪೀಟ್ ಇದೆ ಭಾಯ್’ ಎಂದರು ಅವರು. ಸೀರೆಯಲ್ಲಿ ಒಂದೇ ಹೂವು ಅಳತೆಗೆ ಸರಿಯಾಗಿ ಮತ್ತೆ ಮತ್ತೆ ಬರುವುದಕ್ಕೆ ಅವರು ಹೇಳುವ ಮಾತು ಅದು. ‘ಕೆಟ್ಟ ಕಣ್ಣಿಗೆ ಚುಕ್ಕೆ ಕಾಣಬಹುದು. ರಿಪೀಟ್ ಹಾಕುವುದಕ್ಕೆ ಬರುತ್ತದೆಯೇ?’

ಸಮ ಅಂತರದ ಸಾಲು ಚುಕ್ಕೆ ಎಂದರೆ ಕಾರ್ಡಿನ ಮೆಮೊರಿ ತಪ್ಪುತ್ತಿದೆ ಎಂದರ್ಥ. ಮಧ್ಯಾಹ್ನ ಮಾತ್ರ ಎಂದರೆ, ನಾನು ಏರಿಸಿದ ವೇಗಕ್ಕೆ ಬಿಸಿಲಿನ ಸೆಖೆಯೂ ಸೇರಿ ಅದು ತಾಳುತ್ತಿಲ್ಲ. ನಾನು ಓದಿ ತಿಳಿದಿದ್ದನ್ನು ಆಕೆ ಕೆಂಪು ಶಾಯಿಯಿಂದ ಕಂಡುಹಿಡಿದಿದ್ದರು. ಕೂಡಲೇ ಟ್ಯೂನಿಂಗ್ ಸಾಫ್ಟ್‌ವೇರ್ ತೆರೆದು ‘ಡೀಫಾಲ್ಟ್’ ಗುಂಡಿ ಒತ್ತಿದೆ. ಹೊಸಬರೇ, ಇಲ್ಲಿ ಸ್ವಲ್ಪ ಗಮನ ಕೊಡಿ. ಡೀಫಾಲ್ಟ್ ಎಂದರೆ ಕಾರ್ಖಾನೆಯವರು ಕೊಟ್ಟ ಮೂಲ ವೇಗ ಎಂದು ಎಲ್ಲರೂ ತಿಳಿಯುತ್ತಾರೆ. ಅಲ್ಲ. ಆ ಗುಂಡಿ ಕಾರ್ಡಿನ ಚಿಪ್ಪಿನಲ್ಲಿ ಏನು ಬರೆದಿದೆಯೋ ಅದನ್ನು ಓದಿ ಹೇಳುತ್ತದೆ, ಅಷ್ಟೇ. ಅಂಕಿ ಅಲುಗಾಡಲಿಲ್ಲ. ನೂರ ತೊಂಬತ್ತೊಂದು ಎಂದು ಕೂತಿತ್ತು. ಲೋಕದ ಯಾವ ಕಾರ್ಖಾನೆಯೂ ಕಾರ್ಡಿಗೆ ನೂರ ತೊಂಬತ್ತೊಂದು ಎಂಬ ವೇಗ ಕೊಡುವುದಿಲ್ಲ. ಅದು ಶಕುನದ ಒಂದು. ಕೊಟ್ಟವನು ನಾನು.

ಊಟದ ಹೊತ್ತಿಗೆ ಶೀನಣ್ಣನ ಹೋಟೆಲಿಗೆ ಹೋದೆ. ಕುಂದಾಪುರದ ಕಡೆಯವರು, ಸೂರತ್ ಸ್ಟೇಷನ್ನಿನ ಹತ್ತಿರ ಇಡ್ಲಿ ದೋಸೆಯ ಹೋಟೆಲ್ ಇಟ್ಟಿದ್ದರು. ಸೂರತ್ತಿಗೆ ಹೋದಾಗ ನನ್ನ ಊಟವೂ ಕನ್ನಡವೂ ಅಲ್ಲೇ. ಅಲ್ಲಿಂದ ಜಯಂತಿಭಾಯಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ತಣ್ಣಗೆ ಒಂದು ದಾರಿ ತೋರಿಸಿದರು. ಯಾರಿಗೂ ಹೇಳಬೇಡ, ಸದ್ದಿಲ್ಲದೆ ವೇಗ ಇಳಿಸಿ ಬಾ, ಯಾರಾದರೂ ಕೇಳಿದರೆ ಬಿಸಿಲಿಗೆ ಹಾಗಾಗಿತ್ತು ಎನ್ನು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನನಗೂ ಅದು ರುಚಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಸದ್ದಿಲ್ಲದೆ ಸರಿಮಾಡಿದರೆ ಚುಕ್ಕೆ ಹೋಗಿದ್ದು ಹೊಸ ಕನ್ನಡಕದಿಂದ ಎಂದೇ ಶೇಠ್ ತಿಳಿಯುತ್ತಾರೆ. ಹಂಸಾಬೆನ್ ಸೋಮವಾರ ಕೆಳಗೆ ಹೋಗುವುದು ಹೋಗುವುದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಗೊತ್ತಲ್ಲ. ಜ್ವರ ಕಾರ್ಡಿಗೆ, ಬರೆ ಆ ಹೆಣ್ಣುಮಗಳಿಗೆ, ಬರೆ ಕಾಯಿಸಿದವನು ಊಟಕ್ಕೆ ಕೂತಿದ್ದ.

ಅನ್ನ ಮುಟ್ಟದೆ ಕೂತಿದ್ದನ್ನು ನೋಡಿ ಶೀನಣ್ಣ ಎದುರಿಗೆ ಬಂದು ಕೂತರು. ‘ಎಂತ ಮಾರಾಯ್ರೆ, ಸಾಂಬಾರು ಸರಿ ಇಲ್ವಾ?’ ಎಂದು ಕೇಳಿದರು.

‘ಸಾಂಬಾರ್ ಚಲೋ ಐತ್ರಿ. ನಾನ ಸರಿ ಇಲ್ಲ’ ಎಂದು ಅವರಿಗೂ ಎಲ್ಲ ಹೇಳಿದೆ.

ಅವರು ಹೆಗಲ ಮೇಲಿನ ಬಟ್ಟೆಯಿಂದ ಮೇಜು ಒರೆಸಿದರು. ‘ನೋಡಿ ಹಿರೇಮಠ್ರೆ, ಸಾಂಬಾರಿಗೆ ಉಪ್ಪು ಜಾಸ್ತಿ ಹಾಕಿದ್ದು ನಾನು ಅಂತ ಇಟ್ಕೊಳ್ಳಿ. ಬಡಿಸುವವನನ್ನು ಮನೆಗೆ ಕಳಿಸಿದ್ರೆ ಉಪ್ಪು ಕಮ್ಮಿ ಆಗ್ತದಾ? ನಾನು ಮಾಡಿದ್ದು ಅಂತ ಒಂದು ಮಾತು ಹೇಳ್ಲಿಕ್ಕೆ ಎಂತ ಖರ್ಚುಂಟು?’

ಖರ್ಚಿತ್ತು. ಕೆಲಸವೇ ಹೋಗಬಹುದಿತ್ತು. ಆದರೂ ಆ ಮಾತು ಕೇಳಿದ ಮೇಲೆ ಊಟ ಇಳಿಯಿತು, ಎರಡನೇ ಸಲ ಅನ್ನ ಹಾಕಿಸಿಕೊಂಡೆ.

ಮೂರು ಗಂಟೆಗೆ ಶೇಠ್ ಕೋಣೆಗೆ ಹೋಗಿ ನಿಂತೆ. ‘ಶೇಠ್, ಹಂಸಾಬೆನ್ ಕಣ್ಣು ಸರಿ ಇದೆ. ಕೆಟ್ಟಿರುವುದು ಕಾರ್ಡು. ಕೆಡಿಸಿದವನು ನಾನು.’

ಶೇಠ್ ನನ್ನ ಮುಖ ನೋಡಿದರು. ‘ಹಾಗಾದರೆ ಕಣ್ಣು ತೋರಿಸಿಕೊಳ್ಳಲಿ ಎಂದು ಬರೆದವರು ಯಾರು?’

‘ಅದೂ ನಾನೇ.’

ಅವರು ಎದ್ದು ಡಿಸೈನ್ ಕೋಣೆಗೆ ಬಂದರು. ಬಾಯಿಮಾತಲ್ಲ, ಕಣ್ಣಿಗೆ ತೋರಿಸಿ ಎಂದರು. ಹಂಸಾಬೆನ್ನರ ಕಂಪ್ಯೂಟರ್ ಪಶ್ಚಿಮದ ಕಿಟಕಿಯ ಪಕ್ಕ. ಹೊರಗೆ ಬೆಂಕಿಯಂಥ ಬಿಸಿಲು. ಕೋಣೆಯ ಕೂಲರ್ ನಿಲ್ಲಿಸಿದೆ. ಎಲ್ಲರೂ ಬೆವರಿನಲ್ಲಿ ತೊಯ್ದರು, ಶೇಠ್ ಅಂಗಿಯ ಗುಂಡಿ ಬಿಚ್ಚಿಕೊಂಡು ಆ ಕುರ್ಚಿಯಲ್ಲೇ ಕೂತರು. ಹದಿನೈದು ನಿಮಿಷಕ್ಕೆ ಮೊದಲ ಚುಕ್ಕೆ ಬಂತು. ಆಮೇಲೆ ಸಾಲು. ಶೇಠ್ ಮೌಸ್ ಹಿಡಿದು ಅಳಿಸಿದರು, ಹೋಗಲಿಲ್ಲ. ಉಗುರಿನಿಂದ ಗಾಜು ಕೆರೆದರು, ಹೋಗಲಿಲ್ಲ. ನಾನು ಪಾರದರ್ಶಕ ಹಾಳೆಯನ್ನು ಪರದೆಯ ಮೇಲಿಟ್ಟೆ. ಕೆಂಪು ಗುರುತಿನ ಸಾಲೂ ಚುಕ್ಕೆಯ ಸಾಲೂ ಕೂಡಿಕೊಂಡವು.

ಆದರೆ ಶೇಠ್ ವ್ಯಾಪಾರಿ, ಒಂದು ಪ್ರಶ್ನೆ ಉಳಿಸಿಕೊಂಡಿದ್ದರು. ಈ ಚುಕ್ಕೆಗಳು ಪರದೆಯ ಸುಳ್ಳು, ಫಿಲ್ಮಿಗೆ ಹೋಗುವುದಿಲ್ಲ, ಒಪ್ಪಿದೆ. ಸೀರೆಯ ಮೇಲೆ ಬಿದ್ದದ್ದು ನಿಜವಾದ ಚುಕ್ಕೆಯಲ್ಲವೇ, ಅದನ್ನು ಯಾಕೆ ಬಿಟ್ಟಿರಿ ಎಂದು ಕೇಳಿದರು.

ಹಂಸಾಬೆನ್ ಮೊದಲ ಸಲ ಗಟ್ಟಿಯಾಗಿ ಮಾತಾಡಿದರು. ‘ದಿನಕ್ಕೆ ನೂರು ಸುಳ್ಳು ಹೇಳುವ ಮನುಷ್ಯ ಒಂದು ನಿಜ ಹೇಳಿದರೆ, ಶೇಠ್, ನೀವು ನಂಬುತ್ತೀರಾ?’

ಶೇಠ್ ಪರದೆಯ ಸಾಲನ್ನು ಇನ್ನೊಮ್ಮೆ ಬೆರಳಿಟ್ಟು ಎಣಿಸಿದರು. ಮೊದಲು ಸರಿಮಾಡಿ, ಸೋಮವಾರದ ಮಾತು ಆಮೇಲೆ ನೋಡೋಣ ಎಂದು ನನಗೆ ಹೇಳಿ ಅಲ್ಲೇ ಕೂತರು.

ಸರಿಮಾಡಲು ನನ್ನ ಹತ್ತಿರ ಮೂಲದ ಪ್ರತಿ ಇರಲಿಲ್ಲ. ಫ್ಲಾಪಿಯ ಕತೆ ಆಗಲೇ ಹೇಳಿದೆನಲ್ಲ. ಆದರೆ ಅದೇ ತಳಿಯ ಇನ್ನೂ ಐದು ಕಾರ್ಡು ಅದೇ ಕೋಣೆಯಲ್ಲಿದ್ದವು, ಉತ್ತರಾಯಣದ ಅವಸರದ ಪುಣ್ಯದಿಂದ ನನ್ನ ಕೈ ಸೋಕದೆ ಉಳಿದಿದ್ದವು. ಎರಡು ಡಬ್ಬ ಬಿಚ್ಚಿ ಎರಡೂ ಕಾರ್ಡು ಹೊರತೆಗೆದೆ. ಮೆಮೊರಿ ಚಿಪ್ಪುಗಳ ಬೆನ್ನ ಮೇಲಿನ ಬರಹ ಇರುವೆಯ ಕಾಲಿನಷ್ಟು. ಬಟ್ಟೆಯ ಎಳೆ ಎಣಿಸಲು ಆ ಜನ ಇಟ್ಟುಕೊಳ್ಳುವ ಮಡಚುವ ಭೂತಕನ್ನಡಿಯನ್ನು ಹಂಸಾಬೆನ್ ಕೈಗೆ ಕೊಟ್ಟರು. ಎರಡರಲ್ಲೂ ಕೊನೆಯ ಅಂಕಿ ಆರು. ಸಾವಿರವನ್ನು ಆರರಿಂದ ಭಾಗಿಸಿದರೆ ಆ ಚಿಪ್ಪು ತಾಳುವ ವೇಗ ಸಿಗುತ್ತದೆ, ನೂರ ಅರವತ್ತಾರು. ಅದರ ಬೆನ್ನ ಮೇಲೇ ಬರೆದಿತ್ತು, ನಾನು ಓದಿರಲಿಲ್ಲ. ಕಾರ್ಡುಗಳನ್ನು ಮತ್ತೆ ಕೂರಿಸಿ, ಮುಟ್ಟದ ಕಾರ್ಡಿನ ಮೂಲವನ್ನು ಹೊಸ ಫ್ಲಾಪಿಗೆ ತೆಗೆದುಕೊಂಡು ಹಂಸಾಬೆನ್ನರ ಕಾರ್ಡಿಗೆ ಬರೆಯತೊಡಗಿದೆ. ಬರೆಯುವಾಗ ಕರೆಂಟ್ ಹೋದರೆ ಕಾರ್ಡು ಸತ್ತಂತೆ. ಆ ಅರ್ಧ ನಿಮಿಷ ನಾನು ನಮ್ಮ ಮನೆದೇವರು ವೀರಭದ್ರನನ್ನು ನೆನೆದಷ್ಟು ಮದುವೆಯ ದಿನವೂ ನೆನೆದಿರಲಿಲ್ಲ. ಪರದೆ ಕಪ್ಪಾಯಿತು, ಮತ್ತೆ ಬೆಳಗಿತು. ನೂರ ಅರವತ್ತಾರು.

ಆಮೇಲೆ ಕಂಪನಿಯಲ್ಲಿ ಏನಾಯಿತು ಎಂಬುದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಕೊನೆಗೆ ಹೇಳುವುದು ಬೇರೆ ಇದೆ. ಜಯಂತಿಭಾಯ್ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನ ಕರೆದು, ಎಲ್ಲೆಲ್ಲಿ ಕಿವಿ ಹಿಂಡಿದ್ದೀಯೋ ಅಲ್ಲೆಲ್ಲ ಹೋಗಿ ಬಿಟ್ಟು ಬಾ ಎಂದರು. ಒಂದು ತಿಂಗಳು ಮೂರೂ ಊರು ತಿರುಗಿ ಪ್ರತಿಯೊಂದು ಕಾರ್ಡನ್ನೂ ಮೂಲಕ್ಕೆ ತಂದೆ. ಮಕರಪುರದ ಆ ಇಂಜಿನಿಯರ್, ವೇಗ ಇಳಿಸಿದ ಮೇಲೂ ಚಿತ್ರ ತಿರುಗಿಸಿ, ಭಲೆ, ಇನ್ನೂ ಚುರುಕಾಯಿತು ಎಂದರು. ಅಂದಿನಿಂದ ಯಾವ ಯಂತ್ರದಲ್ಲಿ ಏನೇ ಬದಲಾಯಿಸಿದರೂ ಮೊದಲು ಎಷ್ಟಿತ್ತು, ಈಗ ಎಷ್ಟು, ಮಾಡಿದವನು ಯಾರು ಎಂದು ಚೀಟಿ ಬರೆದು ಡಬ್ಬದೊಳಗೆ ಅಂಟಿಸತೊಡಗಿದೆ. ನೀವೂ ಅಂಟಿಸಿ. ಮತ್ತೆ, ಬೆಳಗಿನ ದೂರನ್ನು ಬೆಳಗ್ಗೆ ನೋಡಿ, ಮಧ್ಯಾಹ್ನದ ದೂರನ್ನು ಮಧ್ಯಾಹ್ನ ನೋಡಿ. ಗಾಡಿ ನಾಳೆಯೂ ಇರುತ್ತದೆ.

ಈಗ ಆ ಶನಿವಾರಕ್ಕೆ ಬನ್ನಿ. ಕೂಲರ್ ಇನ್ನೂ ನಿಲ್ಲಿಸಿಯೇ ಇತ್ತು. ಕೋಣೆಯ ಇನ್ನೊಂದು ಕಂಪ್ಯೂಟರಿನಲ್ಲಿ ಬೇರೆಯವರು ಮುಗಿಸಿ, ಪರೀಕ್ಷಿಸಿ, ಫಿಲ್ಮನ್ನೂ ತೆಗೆದಿಟ್ಟಿದ್ದ ಡಿಸೈನೊಂದನ್ನು ಹಂಸಾಬೆನ್ನರ ಪರದೆಗೆ ತಂದೆವು. ಸ್ವಚ್ಛವಾದ ಯಂತ್ರದಲ್ಲಿ ಪಾಸಾದ ಸ್ವಚ್ಛವಾದ ಡಿಸೈನ್, ಪರೀಕ್ಷೆಗೆ ಅದಕ್ಕಿಂತ ಒಳ್ಳೆಯದಿಲ್ಲ ಎಂದುಕೊಂಡೆ. ಕಾಲು ಗಂಟೆ ಕಳೆಯಿತು, ಏನೂ ಬರಲಿಲ್ಲ. ಅರ್ಧ ಗಂಟೆ, ಮುಕ್ಕಾಲು ಗಂಟೆ. ಪರದೆ ನಿರ್ಮಲವಾಗಿತ್ತು. ನಾನು ಗೆದ್ದೆ ಎಂದು ಉಸಿರು ಬಿಡುವಷ್ಟರಲ್ಲಿ ಹಂಸಾಬೆನ್ ಪರದೆಯ ಬಲಮೂಲೆಗೆ ಬೆರಳು ತೋರಿಸಿದರು. ಹಸಿರು ಎಲೆಯ ಅಂಚಿನಲ್ಲಿ ಒಂದು ಚುಕ್ಕೆ.

ಶೇಠ್ ನನ್ನ ಕಡೆ ತಿರುಗಿದರು.

ಹಂಸಾಬೆನ್ ಮಾತ್ರ ಗಾಬರಿಯಾಗಲಿಲ್ಲ. ಡಿಸೈನನ್ನು ಮೇಲಕ್ಕೆ ಸರಿಸಿದರು. ಚುಕ್ಕೆ ಎಲೆಯ ಜೊತೆ ಮೇಲಕ್ಕೆ ಹೋಯಿತು. ಕೆಳಕ್ಕೆ ಸರಿಸಿದರು, ಎಲೆಯ ಜೊತೆ ಕೆಳಕ್ಕೆ ಬಂತು. ‘ಸುಳ್ಳು ಚುಕ್ಕೆ ಗಾಜು ಬಿಟ್ಟು ಸರಿಯುವುದಿಲ್ಲ ಎಂದು ಇವತ್ತು ಗೊತ್ತಾಯಿತಲ್ಲ. ಇದು ಅಸಲಿ’ ಎಂದರು. ಎದ್ದು ಹೋಗಿ, ಆ ಡಿಸೈನಿನ ಹಸಿರು ಬಣ್ಣದ ಫಿಲ್ಮ್ ತಂದು, ಕೆಳಗಿನಿಂದ ದೀಪ ಹೊತ್ತಿಸುವ ಗಾಜಿನ ಮೇಜಿನ ಮೇಲೆ ಹರಡಿದರು. ಶೇಠ್ ಭೂತಕನ್ನಡಿಯನ್ನು ತಾವೇ ಇಟ್ಟು ಬಗ್ಗಿ ನೋಡಿದರು. ಎಲೆಯ ಅಂಚಿನಲ್ಲಿ ಚುಕ್ಕೆ ಕೂತಿತ್ತು. ಎಳೆಯ ಕಣ್ಣುಗಳು ನೋಡಿ ಪಾಸು ಮಾಡಿದ್ದ ಫಿಲ್ಮ್ ಅದು. ಅವತ್ತೇ ಸಂಜೆ ಅಚ್ಚು ಮಾಡುವವರಿಗೆ ಹೋಗಬೇಕಿತ್ತು.

ಹಂಸಾಬೆನ್ ವಾಪಸು ಬಂದು ಕುರ್ಚಿಯಲ್ಲಿ ಕೂತರು. ಚುಕ್ಕೆಯ ಮೇಲೆ ಮೌಸ್ ಇಟ್ಟು ಒಮ್ಮೆ ಒತ್ತಿದರು. ಹೋಯಿತು. ಕಾದರು. ಮತ್ತೆ ಬರಲಿಲ್ಲ. ಎರಡು ತಿಂಗಳಿಂದ ಎಷ್ಟು ಅಳಿಸಿದರೂ ಮಾತು ಕೇಳದ ಚುಕ್ಕೆಗಳ ಜೊತೆ ಗುದ್ದಾಡಿದ್ದ ಆ ಕೈಗೆ, ಒಂದೇ ಏಟಿಗೆ ಅಳಿಸಿಹೋದ ಮೊದಲ ಚುಕ್ಕೆ ಅದು. ಅವರ ಕಣ್ಣು ತುಂಬಿತು, ನನ್ನದೂ ತುಂಬಿತು. ನಾನು ಅದನ್ನು ಬೆವರು ಎಂದು ಒರೆಸಿಕೊಂಡೆ.

ಶೇಠ್ ಇನ್ನೂ ಗಾಜಿನ ಮೇಜಿನ ಹತ್ತಿರವೇ ನಿಂತಿದ್ದರು. ಹಂಸಾಬೆನ್ ಎದ್ದು ಬಂದು ಅವರ ಮುಂದಿನಿಂದ ಫಿಲ್ಮ್ ಎತ್ತಿಕೊಂಡರು.

‘ಇದನ್ನು ಇವತ್ತು ಕಳಿಸಬೇಡಿ. ಎಲ್ಲ ಬಣ್ಣದ ಫಿಲ್ಮನ್ನೂ ಇನ್ನೊಮ್ಮೆ ನೋಡಬೇಕು. ಸೋಮವಾರ ಸಂಜೆ ಕೊಡುತ್ತೇನೆ.’

ಶೇಠ್ ಕೂಲರ್ ಹಾಕಲು ಯಾರಿಗೋ ಸನ್ನೆ ಮಾಡಿದರು. ಆಮೇಲೆ ಹಂಸಾಬೆನ್ನರ ಕಡೆ ತಿರುಗಿ, ‘ಸೋಮವಾರ ಇಲ್ಲೇ ಕೂತು ನೋಡಿ ಬೆನ್’ ಎಂದರು. ‘ನೀವು ನೋಡದೆ ಇನ್ನು ಈ ಕೋಣೆಯಿಂದ ಒಂದು ಫಿಲ್ಮೂ ಆಚೆ ಹೋಗುವುದಿಲ್ಲ.’